ಕಲ್ಲವ್ವನ ಉಪ್ಪು

ಕಲ್ಲವ್ವ ಸೌಟನ್ನು ಬಾಯಿಯ ಹತ್ತಿರ ಒಯ್ದದ್ದನ್ನು ನಾನು ಒಮ್ಮೆಯೂ ನೋಡಲಿಲ್ಲ. ಮೂರು ದಿನ ಅವಳ ಅಡುಗೆಮನೆಯಲ್ಲಿ ನನ್ನ ಕೂಸನ್ನು ಬಿಟ್ಟು, ತರಗತಿಗೆ ಹೋಗಿ ಬಂದು ಮಾಡಿದೆ. ನೂರಾ ನಲವತ್ತು ಮಕ್ಕಳ ಸಾಂಬಾರು ಕುದಿಯುತ್ತಿರುತ್ತಿತ್ತು. ಅವಳು ಉಪ್ಪಿನ ಡಬ್ಬಿಗೆ ಕೈ ಹಾಕಿ, ಮುಷ್ಟಿ ತುಂಬ ತೆಗೆದು, ಒಂದು ಸಲ ತೂಗಿ ನೋಡಿದಂತೆ ಅಲ್ಲಾಡಿಸಿ ಸುರಿಯುತ್ತಿದ್ದಳು. ಮಕ್ಕಳು ಉಣ್ಣುವ ಮೊದಲು ಎಂಜಲು ಮಾಡಬಾರದು ಅನ್ನುವ ರೂಢಿಯ ಹೆಂಗಸು ಇರಬೇಕು ಅಂದುಕೊಂಡೆ. ನಮ್ಮ ಅತ್ತೆಯೂ ಹಾಗೆಯೇ. ಅದಕ್ಕೆ ಕೇಳಲಿಲ್ಲ.

ನನ್ನದು ಸರ್ವೆ ಕೆಲಸ, ಆರು ತಿಂಗಳ ಮಟ್ಟಿಗೆ. ರೋಣ, ನರಗುಂದ, ಗಜೇಂದ್ರಗಡ ತಾಲೂಕುಗಳ ಹೈಸ್ಕೂಲು ಮಕ್ಕಳು ಏನು ಉಣ್ಣುತ್ತಾರೆ, ಎಷ್ಟು ಹೊತ್ತು ಮಲಗುತ್ತಾರೆ, ಹಲ್ಲು ಹೇಗೆ ತಿಕ್ಕುತ್ತಾರೆ, ಚಟ ಏನಾದರೂ ಇವೆಯೇ ಅಂತ ಫಾರ್ಮ್ ತುಂಬಿಸಿಕೊಂಡು ಬರುವುದು. ನರೇಗಲ್ಲಿನಿಂದ ಬೆಳಿಗ್ಗೆ ಬಸ್ಸು ಹಿಡಿದರೆ ಸಂಜೆಗೆ ಮನೆ. ಆ ವಾರ ಅತ್ತೆಗೆ ಕಣ್ಣಿನ ಆಪರೇಷನ್ ಆಗಿತ್ತು. ಎರಡು ವರ್ಷದ ಕೂಸನ್ನು ಬಗಲಲ್ಲಿ ಎತ್ತಿಕೊಂಡೇ ಹೋಗಬೇಕಾಯಿತು. ಊರು ರೋಣದಿಂದ ಗಜೇಂದ್ರಗಡದ ದಾರಿಯಲ್ಲಿ; ಹೆಸರು ಬೇಡ.

ಹೆಡ್ ಮಾಸ್ತರು ಸಂಗನಬಸವ ಸರ್ ಕೂಸನ್ನು ಒಮ್ಮೆ, ನನ್ನ ಫಾರ್ಮಿನ ಗಂಟನ್ನು ಒಮ್ಮೆ ನೋಡಿದರು.

"ಇದನ್ನ ಕ್ಲಾಸಿಗೆ ಒಯ್ದ್ರ ನಮ್ಮ ಹುಡುಗ್ರು ಫಾರ್ಮ್ ತುಂಬಂಗಿಲ್ಲ, ಕೂಸನ್ನ ಆಡಸ್ಕೋಂತ ಕೂಡ್ತಾರ. ಕಲ್ಲವ್ವನ ಕಡೆ ಬಿಡ್ರಿ. ಹದಿನೆಂಟ ವರ್ಷ ಆತು, ಈ ಸಾಲಿ ಹೊಟ್ಟಿ ಆಕಿ ಕೈಯಾಗ ಐತಿ."

ಬಿಸಿಯೂಟದ ಮುಖ್ಯ ಅಡುಗೆಯವಳು ಕಲ್ಲವ್ವ. ಐವತ್ತು ದಾಟಿರಬೇಕು. ಗಲ್ಲ ಒಳಗೆ ಹೋಗಿತ್ತು. ಬಾಯಿ ಪೂರ್ತಿ ತೆರೆಯುತ್ತಿರಲಿಲ್ಲ, ಎರಡು ಬೆರಳು ಹಿಡಿಸುವಷ್ಟು ಮಾತ್ರ. ಮಾತು ಹಲ್ಲಿನ ಸಂದಿಯಿಂದ ಬರುತ್ತಿತ್ತು. ನಗುವಾಗ ಸೆರಗು ಅಡ್ಡ ಹಿಡಿಯುವಳು. ಅವಳ ಜೊತೆಗೆ ಸಹಾಯಕಿ ರಾಜಮಾ, ಮೂವತ್ತೈದರ ಹೆಂಗಸು. ರಂಜಾನ್ ಉಪವಾಸ ನಡೆದಿತ್ತು. ರಾಜಮಾ ಬೆಳಗಿನಿಂದ ಗುಟುಕು ನೀರು ಕುಡಿಯದೆ ಒಲೆಯ ಮುಂದೆ ನಿಂತು ಅನ್ನ ಬಸಿಯುತ್ತಿದ್ದಳು.

"ರೋಜಾ ಹಿಡದು ಒಲಿ ಮುಂದ ಹ್ಯಾಂಗ ನಿಲ್ತೀಯವ್ವಾ?" ಅಂದೆ.

"ವಾಸನಿ ಹೊಟ್ಟಿಗೆ ಹೋಗಂಗಿಲ್ಲಲ್ರಿ ಬಾಯಾರ, ಮೂಗಿಗಷ್ಟ ಹೊಕ್ಕೈತಿ," ಅಂದಳು. "ಕಷ್ಟ ನಂದಲ್ಲ, ಕಲ್ಲಕ್ಕಂದು. ಒಂದು ತಿಂಗಳ ನನ್ನ ಬೈಯಾಕ ಬರಂಗಿಲ್ಲ, ರೋಜಾ ಹಿಡದಾಳಂತ."

"ಹಬ್ಬ ಆಗ್ಲಿ, ಬಡ್ಡಿ ಸಮೇತ ಬೈತೇನಿ," ಅಂದಳು ಕಲ್ಲವ್ವ.

ಗೋಡೆಗೆ ಒಂದು ವಹಿ ತೂಗುಹಾಕಿತ್ತು. ಮಕ್ಕಳಿಗೆ ಬಡಿಸುವ ಅರ್ಧ ತಾಸು ಮೊದಲು ಒಬ್ಬ ಶಿಕ್ಷಕರು ಊಟದ ರುಚಿ ನೋಡಿ ಅದರಲ್ಲಿ ಸಹಿ ಹಾಕಬೇಕು. ತಿಂಗಳ ಕೊನೆಯವರೆಗೂ ಸಹಿ ಆಗಿಹೋಗಿತ್ತು.

"ನಮ್ಮ ಸಾಲ್ಯಾಗ ಪೆನ್ನ ಊಟ ಮಾಡ್ತೈತ್ರಿ," ಅಂದಳು ಕಲ್ಲವ್ವ, ಸೆರಗು ಅಡ್ಡ ಹಿಡಿದು.

ಹನ್ನೊಂದೂವರೆಯ ಬಿಡುವಿನಲ್ಲಿ ಒಬ್ಬ ಹುಡುಗಿ ಓಡಿ ಬಂದು, ಅಂಗೈ ಚಾಚಿ, ಎರಡು ಹನಿ ಸಾಂಬಾರು ಹಾಕಿಸಿಕೊಂಡು ನೆಕ್ಕಿ, "ಹ್ಞೂಂ" ಅಂದು ಓಡಿಹೋದಳು. ಮೊಮ್ಮಗಳು, ನೇತ್ರಾ, ಒಂಬತ್ತನೆಯ ತರಗತಿ. ಹಸಿದ ಹುಡುಗಿ ಅಜ್ಜಿಯ ಹತ್ತಿರ ರುಚಿ ನೋಡಲು ಬರುವುದು ಸಹಜ. ನಾನು ಅದನ್ನೂ ಕೇಳಲಿಲ್ಲ.

ಎರಡನೆಯ ದಿನ ನೇತ್ರಾಳ ತರಗತಿಯ ಸರದಿ. ಹುಡುಗಿಯರನ್ನೇ ಬೇರೆ ಕೂಡಿಸಿಕೊಂಡೆ, ಇಪ್ಪತ್ಮೂರು ಜನ. ಹೆಸರು ಬರೆಯಬಾರದು, ಪಕ್ಕದವರದ್ದು ನೋಡಬಾರದು, ಇಲ್ಲಿ ಸರಿ ತಪ್ಪು ಇಲ್ಲ ಅಂತ ಮೂರು ಸಲ ಹೇಳಿದೆ.

"ಮಾರ್ಕ್ಸ್ ಇಲ್ಲಂದ್ರ ಯಾಕ ಬರೀಬೇಕ್ರಿ?" ಹಿಂದಿನ ಬೆಂಚಿನಿಂದ ಬಂತು.

"ಖರೇ ಏನೈತಿ ಗೊತ್ತಾಗ್ಲಿ ಅಂತ."

"ಖರೇ ಬರದ್ರ ಯಾರಿಗೆ ಹೇಳ್ತೀರಿ?"

"ಯಾರಿಗೂ ಹೇಳಂಗಿಲ್ಲ. ನಿಮ್ಮ ಸರ್‌ಗೂ ಇಲ್ಲ, ಮನ್ಯಾಗೂ ಇಲ್ಲ."

ತಲೆಗಳು ಬಗ್ಗಿದವು. ಕಳೆದ ಏಳು ದಿನಗಳಲ್ಲಿ ಎಷ್ಟು ಸಲ ಹಣ್ಣು ತಿಂದಿರಿ ಅನ್ನುವಲ್ಲಿ ಒಬ್ಬಳು ಕೈ ಎತ್ತಿದಳು. "ಹುಣಸಿಹಣ್ಣ ಹಣ್ಣಿನ್ಯಾಗ ಬರ್ತೈತೇನ್ರಿ?" ಬರುವುದಿಲ್ಲ ಅಂದೆ. "ಹಂಗಾರ ಸೊನ್ನಿ," ಅಂತ ತನಗೆ ತಾನೇ ಹೇಳಿಕೊಂಡು ಬರೆದಳು.

ಫಾರ್ಮು ಕೈಗೆ ಬಂದ ಮೇಲೆ ಅಲ್ಲಿಯೇ ನಿಂತು ಖಾಲಿ ಬಿಟ್ಟ ಜಾಗ ಇದೆಯೇ ನೋಡಬೇಕು, ಅದು ನಮ್ಮ ಕೆಲಸದ ಪದ್ಧತಿ. ಬೀಡಿ, ಗುಟ್ಕಾ, ತಂಬಾಕು ಬಳಸುತ್ತೀರಾ ಅನ್ನುವ ಪ್ರಶ್ನೆಗೆ ಇಪ್ಪತ್ಮೂರೂ ಜನ 'ಇಲ್ಲ'. ಹಲ್ಲು ಯಾವುದರಿಂದ ತಿಕ್ಕುತ್ತೀರಿ ಅನ್ನುವಲ್ಲಿ ನಾಲ್ಕು ಜನ ಪೇಸ್ಟ್. ಹತ್ತೊಂಬತ್ತು ಜನ 'ಇತರೆ', ಮುಂದೆ ದುಂಡಗೆ ಬರೆದದ್ದು, 'ಪುಡಿ'.

"ಯಾವ ಪುಡಿ?" ಅಂದೆ.

ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿ ನಕ್ಕರು. ಮೂರನೆಯ ಬೆಂಚಿನಲ್ಲಿದ್ದ ನೇತ್ರಾ ಕಂಪಾಸ್ ಪೆಟ್ಟಿಗೆಯಿಂದ ಒಂದು ಮುಲಾಮಿನ ಡಬ್ಬಿ ತೆಗೆದು ಕೊಟ್ಟಳು. ಒಳಗೆ ಮುಲಾಮು ಇರಲಿಲ್ಲ. ನುಣ್ಣಗಿನ ಕಪ್ಪು ಪುಡಿ. ಮೂಸಿದೆ, ಮೂಗು ಚುರುಗುಟ್ಟಿತು.

"ಇದೇನು?"

"ಮಶೇರಿ. ಹಲ್ಲ ತಿಕ್ಕೋದ್ರಿ."

"ಯಾತರಿಂದ ಮಾಡ್ತಾರ?"

"ತಂಬಾಕದ ಎಲಿ ಹಂಚಿನ ಮ್ಯಾಲ ಹುರದು, ಅರದು." ಏನೂ ಅಳುಕಿಲ್ಲದೆ ಹೇಳಿದಳು.

"ಮತ್ತ ತಂಬಾಕ ಇಲ್ಲ ಅಂತ ಬರದೀಯಲ್ಲ."

"ಅದು ತಿನ್ನೋದಕ್ಕ ಕೇಳ್ಯಾರಲ್ರಿ. ನಾವ್ ತಿನ್ನಂಗಿಲ್ಲ, ತಿಕ್ಕತೀವಿ. ಗಂಡಸರು ತಿಂತಾರ, ಅದು ಚಟ."

ಯಾಕೆ ತಿಕ್ಕುತ್ತೀರಿ, ಎಷ್ಟು ಸಲ ಅಂತ ಕೇಳಿದೆ. ಬೆಳಿಗ್ಗೆ ಒಮ್ಮೆ ಅಂದಳು ಒಬ್ಬಳು. ಹಲ್ಲು ನೋವಿಗೆ ಅಂದಳು ಇನ್ನೊಬ್ಬಳು. ಮುಟ್ಟಾದಾಗ ಹೊಟ್ಟೆ ನೋವು ತಿಳಿಯುವುದಿಲ್ಲ ಅಂತ ಮತ್ತೊಬ್ಬಳು ಸಣ್ಣ ದನಿಯಲ್ಲಿ ಹೇಳಿದಳು. "ಮುಂಜಾನಿ ಹಚ್ಚಿದ್ರ ಊಟದ ಬೆಲ್ ಹೊಡಿಯೂತನಕ ಹಸಿವಿ ಬರಂಗಿಲ್ರಿ," ಅಂದಳು ನೇತ್ರಾ. "ಬಾಯಿ ಝುಂ ಅಂತೈತಿ, ಆಮ್ಯಾಲ ಏನೂ ಗೊತ್ತಾಗಂಗಿಲ್ಲ."

ಗದಗಿನಲ್ಲಿರುವ ನಮ್ಮ ಮೇಲ್ವಿಚಾರಕ ದುರ್ಗೇಶನಿಗೆ ಫೋನ್ ಮಾಡಿದೆ. ತಂಬಾಕಿನ ಪ್ರಶ್ನೆಯಲ್ಲಿ ಮಶೇರಿ ಅಂತ ಒಂದು ಪದ ಸೇರಿಸಬೇಕು ಅಂದೆ.

"ಫಾರ್ಮ್ ಫೈನಲ್ ಆಗೈತ್ರಿ ಮೇಡಂ. ಅರ್ಧ ತಾಲೂಕ ಮುಗದ ಮ್ಯಾಲ ಪ್ರಶ್ನಾ ಬದಲ ಮಾಡಾಕ ಬರ್ತೈತೇನು? ಷರಾ ಬರೀರಿ."

ಷರಾ ಬರೆದೆ. ಹತ್ತೊಂಬತ್ತು ಫಾರ್ಮಿನ ಅಂಚಿನಲ್ಲಿ ಅದೇ ಒಂದು ಸಾಲು. ಕೊನೆಕೊನೆಗೆ ಕೈ ತಾನೇ ಬರೆಯುತ್ತಿತ್ತು, ನಾನು ಓದುತ್ತಿರಲಿಲ್ಲ.

ನಾಲ್ಕಕ್ಕೆ ಬಸ್ಸಿಗೆ ಕಾಯುತ್ತ ಅಡುಗೆಮನೆಯ ಕಟ್ಟೆಯ ಮೇಲೆ ಕೂತೆ. ಕೂಸು ಕಲ್ಲವ್ವನ ತೊಡೆಯ ಮೇಲೆ ನಿದ್ದೆ ಮಾಡಿತ್ತು. ಅವಳು ಒಂದು ಕೈಯಿಂದ ಕೂಸನ್ನು ತಟ್ಟುತ್ತ ಇನ್ನೊಂದು ಕೈಯಿಂದ ಮೊರದಲ್ಲಿಯ ಅಕ್ಕಿ ಹಸನು ಮಾಡುತ್ತಿದ್ದಳು.

"ನಮ್ಮ ನೇತ್ರಾ ಏನ್ ಬರದಾಳ್ರಿ?" ಅಂದಳು.

"ಹೆಸರಿರಂಗಿಲ್ಲವ್ವಾ. ಯಾರದು ಯಾವುದು ಗೊತ್ತಾಗಂಗಿಲ್ಲ."

ಗೊತ್ತಿತ್ತು. ಡಬ್ಬಿ ಕೈಯಾರೆ ಹಿಡಿದು ನೋಡಿದ್ದೆ. ಆದರೆ ಯಾರಿಗೂ ಹೇಳುವುದಿಲ್ಲ ಅಂತ ಆ ಮಕ್ಕಳಿಗೆ ಮಾತು ಕೊಟ್ಟಾಗಿತ್ತು. ಅಜ್ಜಿಗೂ ಹೇಳುವಂತಿರಲಿಲ್ಲ.

ಆಗ ಅವಳು ತನ್ನ ಕಥೆ ಹೇಳಿದಳು. ಬೇರೆ ಯಾರದ್ದೋ ಹೇಳುವಂತೆ ಹೇಳಿದಳು. ತವರು ಬೆಳವಣಕಿ. ಹದಿನಾರಕ್ಕೆ ಮದುವೆ. ಮೊದಲ ಹೆರಿಗೆಯಾದ ಮೇಲೆ ದವಡೆ ನೋವು ಬಂದು ಅತ್ತೆ ಚಿಟಿಕೆ ಪುಡಿ ಹಚ್ಚಿದ್ದು. ಗಂಡ ತೀರಿಕೊಂಡು ಎರಡು ವರ್ಷಕ್ಕೆ ಈ ಒಲೆ ಸಿಕ್ಕಿತು. ಒಬ್ಬಳೇ ಮಗಳು, ನೇತ್ರಾಳ ಅವ್ವ, ನಾಲ್ಕು ದಿನದ ಜ್ವರದಲ್ಲಿ ಹೋದಳು. "ಆ ವರ್ಷ ಪುಡಿ ಜಾಸ್ತಿ ಆತ್ರಿ. ಮುಂಜಾನಿ, ಮಧ್ಯಾಹ್ನ, ಸಂಜಿಕ. ಅಳು ಬರ್ತಿದ್ದಿಲ್ಲ, ಅದಕ್ಕ." ಅಳಿಯ ನರಗುಂದದಲ್ಲಿ ಬೇರೆ ಮದುವೆಯಾದ. "ಹುಡುಗಿ ನೀನು ಸಾಕೂತನಕ ನಿನ್ನ ಹತ್ರ ಇರ್ಲಿ, ಆಗಂಗಿಲ್ಲ ಅಂದ ದಿನ ಕಳಸು, ಸಣ್ಣ ಹುಡುಗ್ರನ್ನ ನೋಡ್ಕೊಳ್ಳಾಕ ಇಲ್ಲಿ ಒಬ್ಬಾಕಿ ಬೇಕು ಅಂದಾನ."

"ಸಾಲಿ?"

"ಸಾಲಿ ಮಾತ ಆಡ್ಲಿಲ್ರಿ ಅವ." ಅಕ್ಕಿಯಿಂದ ಒಂದು ಹರಳು ಆರಿಸಿ ಎಸೆದಳು. "ಇನ್ನೊಂದು ವರ್ಷ. ಹತ್ತನೇ ಕ್ಲಾಸ್ ಮುಗಿಯೂತನಕ ಈ ಒಲಿ ನನ್ನ ಕೈಯಾಗ ಇದ್ರ ಸಾಕು."

ಮೂರನೆಯ ದಿನ ನಾನು ಎಂಟನೆಯ ತರಗತಿಯ ಹುಡುಗರ ಫಾರ್ಮ್ ಮುಗಿಸಿ ಅಡುಗೆಮನೆಗೆ ಬಂದಾಗ ಹನ್ನೆರಡು ದಾಟಿತ್ತು. ನೇತ್ರಾ ಬಂದು ರುಚಿ ನೋಡಿ ಹೋಗಿಯಾಗಿತ್ತು. ಕಲ್ಲವ್ವ ಅನ್ನ ಸಾಂಬಾರು ಕಲಸಿ, ಆರಿಸಿ, ನನ್ನ ಕೂಸಿನ ಬಾಯಿಗೆ ಒಂದು ತುತ್ತು ಇಟ್ಟಳು. ಕೂಸು ಮುಖ ಕಿವುಚಿ ಉಗುಳಿತು. ಇನ್ನೊಂದು ತುತ್ತು. ಅದನ್ನೂ ಉಗುಳಿ ಚೀರಿ ಅಳತೊಡಗಿತು.

"ಹಲ್ಲ ಬರಾಕತ್ತಾವೇನೋ," ಅಂದಳು ಕಲ್ಲವ್ವ.

ತಟ್ಟೆಯಿಂದ ಒಂದು ಅಗುಳು ನನ್ನ ಬಾಯಿಗೆ ಹಾಕಿಕೊಂಡೆ. ನಾಲಿಗೆ ಕಹಿಯಾಯಿತು. ಅಷ್ಟು ಉಪ್ಪು. ನಾನು ಕಲ್ಲವ್ವನ ಮುಖ ನೋಡಿದೆ. ಅವಳೂ ಒಂದು ತುತ್ತು ಬಾಯಿಗೆ ಹಾಕಿಕೊಂಡು, ಅಗಿದು, ನುಂಗಿ, ನನ್ನನ್ನೇ ನೋಡಿದಳು. ಅವಳ ಮುಖದಲ್ಲಿ ಏನೂ ಆಗಲಿಲ್ಲ. ಆಗ ನನಗೆ ತಿಳಿಯಿತು.

"ಉಪ್ಪು ಭಾಳ ಆಗೈತವ್ವಾ," ಅಂದೆ.

"ಎಷ್ಟು?"

"ಉಣ್ಣಾಕ ಬರಂಗಿಲ್ಲ."

ರಾಜಮಾ ಕೈಯಲ್ಲಿದ್ದ ಬುಟ್ಟಿ ಇಟ್ಟಳು. ಅಷ್ಟರಲ್ಲಿ ಬೆಲ್ ಆಯಿತು, ಮಕ್ಕಳು ತಟ್ಟೆ ಬಡಿಯುತ್ತ ಸಾಲಾಗಿ ಕೂತರು. ಮಾತಾಡಲು ಹೊತ್ತಿರಲಿಲ್ಲ. ನಾನು ಕೂಸನ್ನು ಸೊಂಟಕ್ಕೆ ಹಾಕಿಕೊಂಡು ಬೇಳೆಯ ಚೀಲ ಬಿಚ್ಚಿದೆ. ರಾಜಮಾ ಎರಡನೆಯ ಒಲೆ ಹಚ್ಚಿದಳು. ಅರ್ಧ ಸಾಂಬಾರು ಬೇರೆ ತೆಗೆದಿಟ್ಟು, ಉಳಿದದ್ದಕ್ಕೆ ನೀರು ಸುರಿದು, ಸಪ್ಪನೆ ಬೇಯಿಸಿದ ಬೇಳೆ ಕೂಡಿಸಿದೆವು. ನಾನು ರುಚಿ ನೋಡುತ್ತ ಹೋದೆ. ಊಟ ಮುಕ್ಕಾಲು ತಾಸು ತಡವಾಯಿತು.

ಕಲ್ಲವ್ವ ಇದು ಯಾವುದರಲ್ಲೂ ಕೈ ಹಾಕಲಿಲ್ಲ. ಬಾಗಿಲಿಗೆ ಹೋಗಿ ನೇತ್ರಾಳನ್ನು ಕರೆದಳು.

"ಇವತ್ತ ನೋಡಿದೇನ?"

"ನೋಡಿದ್ನಲ್ಲ."

"ಉಪ್ಪು ಹೆಂಗಿತ್ತು?"

"ಸರಿ ಇತ್ತು."

"ಬಾಯಿ ತಗಿ."

ಹುಡುಗಿ ಹಿಂದೆ ಸರಿದಳು. ಕಲ್ಲವ್ವ ಒಂದು ಕೈಯಿಂದ ಅವಳ ಗದ್ದ ಹಿಡಿದು ಇನ್ನೊಂದು ಕೈಯ ಬೆರಳನ್ನು ಒಸಡಿನ ಮೇಲೆ ಆಡಿಸಿ ತೆಗೆದಳು. ಬೆರಳು ಕರ್ರಗಾಗಿತ್ತು. ಅದನ್ನು ಬಿಸಿಲಿಗೆ ಹಿಡಿದು ಸ್ವಲ್ಪ ಹೊತ್ತು ನೋಡಿದಳು.

"ಹೊಟ್ಟಿ ನೋಯಾಕತ್ತಿತ್ತು ಅಜ್ಜಿ," ಅಂದಳು ನೇತ್ರಾ. "ಎರಡು ಸಲ ಹಚ್ಚೀನಿ ಇವತ್ತ."

"ಯಾವಾಗಿಂದ?"

"ನೀನ ಹಚ್ಚಿದ್ಯಲ್ಲ. ಏಳನೇ ಕ್ಲಾಸಿನ್ಯಾಗ, ಹಲ್ಲ ನೋವಿಗೆ."

ಕಲ್ಲವ್ವ ಬೆರಳನ್ನು ಸೀರೆಗೆ ಒರೆಸಿಕೊಂಡಳು. ಬೈಯಲಿಲ್ಲ.

ಮಕ್ಕಳು ಉಂಡು ಎದ್ದ ಮೇಲೆ ಹೆಡ್ ಮಾಸ್ತರು ಊಟ ಯಾಕೆ ತಡವಾಯಿತು ಅಂತ ಕೇಳಿಕೊಂಡು ಬರುವುದು ಕಾಣಿಸಿತು. ರಾಜಮಾ ಕಲ್ಲವ್ವನ ಮೊಣಕೈ ಹಿಡಿದಳು.

"ಉಪ್ಪಿನ ಪಾಕೀಟ ಕೈಜಾರಿ ಬಿತ್ತು ಅನ್ನು. ನನ್ನ ಹೆಸರ ಹೇಳು ಬೇಕಾದ್ರ. ಹಬ್ಬ ಇನ್ನ ಹನ್ನೆರಡು ದಿನ, ಆಮ್ಯಾಲ ನಾ ಅದೀನಲ್ಲ."

"ನಿನಗ ಗೊತ್ತಿತ್ತೇನು?"

"ಮೂರು ವರ್ಷ ಆತು ಕಲ್ಲಕ್ಕ. ನೀ ಹಿಂದ ತಿರುಗಿದಾಗ ದಿನಾ ನಾ ಒಂದು ಹನಿ ನೋಡ್ತಿದ್ದೆ. ರಂಜಾನದಾಗಷ್ಟ ಆಗಂಗಿಲ್ಲ."

"ಅಜ್ಜಿ, ಉಪ್ಪು ನಾನ ಎರಡು ಸಲ ಹಾಕೀನಿ ಅಂತ ಹೇಳ್ತೀನಿ," ಅಂದಳು ನೇತ್ರಾ.

ಸುಳ್ಳು ಬೇಕಾದಷ್ಟಿತ್ತು. ನನ್ನಿಂದಲೂ ಒಂದು ಸಿಗುತ್ತಿತ್ತು, ಕೇಳಿದ್ದರೆ. ಕಲ್ಲವ್ವ ಯಾವುದನ್ನೂ ತೆಗೆದುಕೊಳ್ಳಲಿಲ್ಲ. ಸಂಗನಬಸವ ಸರ್ ಬಾಗಿಲಿಗೆ ಬಂದಾಗ ಎದ್ದು ನಿಂತಳು.

"ಸರ್, ನನ್ನ ನಾಲಿಗಿ ಸತ್ತೈತ್ರಿ. ಆರು ವರ್ಷ ಆತು. ಉಪ್ಪು, ಹುಳಿ, ಖಾರ ಒಂದೂ ಗೊತ್ತಾಗಂಗಿಲ್ಲ. ಮೊದಲ ಕೈ ಅಂದಾಜ, ಈ ಹುಡುಗಿ ಸಾಲಿಗೆ ಬಂದ ಮ್ಯಾಲ ಈಕಿ ನಾಲಿಗಿ ಮ್ಯಾಲ ಅಡಗಿ ಮಾಡ್ತಿದ್ದೆ. ಇವತ್ತ ಅದೂ ಕೈಕೊಟ್ಟೈತಿ."

ಸರ್ ಗೋಡೆಯ ವಹಿಯ ಕಡೆ ನೋಡಿದರು. ಆಮೇಲೆ ಕನ್ನಡಕ ತೆಗೆದು ಒರೆಸಿದರು.

"ಯಾಕ ಹೇಳ್ಲಿಲ್ಲ ಇಷ್ಟು ದಿನ?"

"ಹೇಳಿದ್ರ ಒಲಿ ಹೋಕ್ಕಿತ್ತಲ್ರಿ."

"ಮತ್ತ ಈಗ ಹೇಳೀದಿ."

"ಈಗ ಸುಮ್ನಾದ್ರ ನಾಳೆ ಮತ್ತ ಆಕೀನ ಕರೀತೀನ್ರಿ. ನಾನು ಒಲಿ ನೋಡ್ತೀನಿ, ಆಕಿ ಬಾಯಿ ನೋಡಂಗಿಲ್ಲ. ನಂದಂತೂ ಹೋಗೇತಿ."

ಹೊರಗೆ ನಳದ ಹತ್ತಿರ ಮಕ್ಕಳು ತಟ್ಟೆ ತೊಳೆಯುತ್ತಿದ್ದರು. ಸರ್ ಆ ಕಡೆ ಒಮ್ಮೆ ನೋಡಿ, "ನಾಳೆಯಿಂದ ಒಲಿ ರಾಜಮಾ ನೋಡ್ಲಿ. ಕಾಗದದಾಗೂ ಹಂಗ ಬರೀತೀನಿ. ನೀನು ಪಾತ್ರಿ, ಕಾಳು ಹಸನ ಮಾಡೋದು," ಅಂದರು. ಆಮೇಲೆ, "ಹಬ್ಬ ಮುಗಿಯೂತನಕ ರುಚಿ ನಾನ ನೋಡ್ತೀನಿ," ಅಂದರು.

"ಅಂದ್ರ ನಾ ಇರಬಹುದೇನ್ರಿ?"

"ಇರು."

ಕಲ್ಲವ್ವ ತಲೆ ಆಡಿಸಿದಳು. ಹದಿನೆಂಟು ವರ್ಷ ಹಿಡಿದ ಸೌಟನ್ನು ತೊಳೆದು ಮೊಳೆಗೆ ಹಾಕಿ, ಹೊರಗೆ ನಳದ ಹತ್ತಿರ ಹೋಗಿ, ರಾಜಮಾ ದಿನಾ ಕೂಡುತ್ತಿದ್ದ ಕಲ್ಲಿನ ಮೇಲೆ ಕೂತಳು. ಅವಳ ಮುಖದಿಂದ ಏನನ್ನೂ ಓದಲಾಗಲಿಲ್ಲ. ಹೋಗುವ ಮುಂದೆ ಗದಗಿನ ಹಲ್ಲಿನ ವೈದ್ಯರಿಗೆ ಒಂದು ಚೀಟಿ ಬರೆದುಕೊಟ್ಟೆ. ಬಾಯಿ ತೆರೆಯದಿರುವುದು ಸಣ್ಣ ಮಾತಲ್ಲ, ಲಗೂ ತೋರಿಸಬೇಕು ಅಂದೆ. ಚೀಟಿಯನ್ನು ಮಡಚಿ ಕುಪ್ಪಸದಲ್ಲಿ ಇಟ್ಟುಕೊಂಡಳು. ಆ ದಿನ ಡೈರಿಯಲ್ಲಿ ನಾನು ಬರೆದದ್ದು ಇಷ್ಟೇ: ಫಾರ್ಮ್ ಮೂವತ್ತೊಂದು, ಕೂಸು ಉಣ್ಣಲಿಲ್ಲ, ಬಸ್ಸು ತಡ.

ಹದಿನಾಲ್ಕು ದಿನದ ಮೇಲೆ ಅದೇ ಶಾಲೆಗೆ ಮತ್ತೆ ಹೋಗಬೇಕಿತ್ತು. ಹತ್ತರಲ್ಲಿ ಒಬ್ಬರಿಗೆ ಅದೇ ಪ್ರಶ್ನೆಗಳನ್ನು ಎರಡನೆಯ ಸಲ ಕೇಳಿ, ಒಟ್ಟಾರೆ ಉತ್ತರ ಹೊಂದುತ್ತವೆಯೇ ನೋಡುವುದು. ರಂಜಾನ್ ಮುಗಿದಿತ್ತು. ಅತ್ತೆಯ ಕಣ್ಣು ಸರಿಯಾಗಿತ್ತು, ಆದರೂ ಕೂಸನ್ನು ಕರೆದುಕೊಂಡೇ ಹೋದೆ.

ಒಲೆಯ ಮುಂದೆ ರಾಜಮಾ. ಕೈಗೆ ಇನ್ನೂ ಹಬ್ಬದ ಮೆಹಂದಿ. ಕಲ್ಲವ್ವ ನಳದ ಹತ್ತಿರದ ಕಲ್ಲಿನ ಮೇಲೆ ಕೂತು ದೊಡ್ಡ ಪಾತ್ರೆಯನ್ನು ಬೂದಿಯಿಂದ ತಿಕ್ಕುತ್ತಿದ್ದಳು. ಕೂಸನ್ನು ಕಂಡು ಕೈ ತೊಳೆದುಕೊಂಡಳು. ಸರ್ ಈಗಲೂ ಬಂದು ರುಚಿ ನೋಡುತ್ತಾರಂತೆ. "ನೋಡಿ ನೋಡಿ ತೂಕ ಹೆಚ್ಚಾಗೈತಿ ಅವರದು," ಅಂದಳು ರಾಜಮಾ.

ಹನ್ನೊಂದೂವರೆಗೆ ನೇತ್ರಾ ಬಂದಳು. ರಾಜಮಾ ಬೇರೆ ಬಟ್ಟಲಲ್ಲಿ ತೆಗೆದಿಟ್ಟ ಸಾಂಬಾರನ್ನು ಅವಳ ಅಂಗೈಗೆ ಹಾಕಿದಳು. ನನಗೆ ಅರ್ಥವಾಗಲಿಲ್ಲ. ಈಗ ಈ ಹುಡುಗಿ ಯಾಕೆ ರುಚಿ ನೋಡಬೇಕು?

ರಾಜಮಾ ನನ್ನ ಕಿವಿಯ ಹತ್ತಿರ ಬಗ್ಗಿದಳು. "ಇದು ಹುಡುಗ್ರಿಗೆ ಬಡಸೋದಲ್ರಿ. ಕಲ್ಲಕ್ಕನ ಪರೀಕ್ಷಾ. ದಿನಾ ಒಂದ ಬಟ್ಟಲದಾಗ ಒಮ್ಮೆ ಉಪ್ಪು ಜಾಸ್ತಿ, ಒಮ್ಮೆ ಕಮ್ಮಿ, ಒಮ್ಮೆ ಸರಿ ಹಾಕಂತ ಹೇಳ್ಯಾಳ. ಹುಡುಗಿ ಹೇಳಬೇಕು. ಮೊದಲನೇ ಆರು ದಿನ ತಪ್ಪ ಹೇಳಿದ್ಲು. ಇವತ್ತ ಒಂದು ಚಿಟಿಕಿ ಕಮ್ಮಿ ಹಾಕೀನಿ."

ನೇತ್ರಾ ನೆಕ್ಕಿ, ಕಣ್ಣು ಮುಚ್ಚಿ ನಿಂತಳು. ನಳದ ಹತ್ತಿರ ಬೂದಿಯ ಸದ್ದು ನಿಂತಿತು.

"ಸ್ವಲ್ಪ ಸಪ್ಪಗ ಐತಿ," ಅಂದಳು.

ಕಲ್ಲವ್ವ ರಾಜಮಾಳ ಕಡೆ ನೋಡಿದಳು. ರಾಜಮಾ ಹೌದೆಂದು ತಲೆ ಆಡಿಸಿದಳು.

"ಬೆಲ್ ಆಗ್ತೈತಿ, ಹೋಗು," ಅಂದಳು ಕಲ್ಲವ್ವ. ಮತ್ತೆ ಪಾತ್ರೆ ತಿಕ್ಕತೊಡಗಿದಳು.

ಎರಡನೆಯ ಸಲದ ಸರದಿ ನೇತ್ರಾಳಿಗೂ ಬಂದಿತ್ತು; ಹಲ್ಲಿನ ಪ್ರಶ್ನೆಗೆ ಅವಳು ಏನು ಬರೆದಳು ಅನ್ನುವುದನ್ನು ನಾನು ಇಲ್ಲಿ ಹೇಳುವುದಿಲ್ಲ. ಮಾತು ಕೊಟ್ಟಿದ್ದೇನೆ.

"ಗದಗಿಗೆ ಹೋಗಿದ್ದೇನವ್ವಾ?" ಹೊರಡುವ ಮುಂದೆ ಕೇಳಿದೆ.

"ಸಾಲಿ ಪರೀಕ್ಷಾ ಮುಗೀಲಿ ಆಕೀದು. ಇಬ್ರೂ ಹೋಗ್ತೀವಿ. ಚೀಟಿ ಐತಿ."

"ಪುಡಿ ಬಿಟ್ಟೀ?"

"ಆಕಿ ಮುಂದ ಹಚ್ಚಂಗಿಲ್ಲ," ಅಂದಳು.

ಆಮೇಲೆ ರಾಜಮಾಳಿಂದ ಒಂದು ಬಟ್ಟಲು ಅನ್ನ ಸಾಂಬಾರು ಇಸಿದುಕೊಂಡು, ಆರಿಸಿ, ನನ್ನ ಕೂಸಿಗೆ ಉಣಿಸಲು ಕೂತಳು. ಒಂದೊಂದು ತುತ್ತು ಇಟ್ಟ ಮೇಲೂ ಕೈ ತಡೆದು, ಅದರ ಮುಖವನ್ನೇ ನೋಡಿ, ಆಮೇಲೆ ಮುಂದಿನ ತುತ್ತು ಕಲಸುತ್ತಿದ್ದಳು. ಕೂಸು ಎಲ್ಲವನ್ನೂ ಉಂಡಿತು.